ಹರಳು ರೇಡಿಯೋದಿಂದ ಧ್ವನಿವರ್ಧಕದವರೆಗೆ



ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿಯೊಬ್ಬಳು ರೇಡಿಯೋ ವಿಷಯವಾಗಿ ಏಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಅನಿಸಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ವಿಜ್ಞಾನ ವಸ್ತುಪ್ರದರ್ಶನದ ಸಮಯದಲ್ಲಿ ವಿಜ್ಞಾನ ಶಿಕ್ಷಕರು ರಜೆಯಲ್ಲಿದ್ದುದರಿಂದ ಒಂದು ತಂಡದ ಜವಾಬ್ದಾರಿ ನನ್ನ ಪಾಲಿಗೆ ಬಂತು. ಎಂಟನೇ ತರಗತಿಯ ಮೂವರು ಹುಡುಗಿಯರು ಪುಸ್ತಕದಲ್ಲಿ ನೋಡಿ ಒಂದು ಸರಳ ರೇಡಿಯೋ ಮಾಡಲು ಹೊರಟಿದ್ದರು. ರಟ್ಟಿನ ಕೊಳವೆಯ ಮೇಲೆ ತಂತಿ ಸುತ್ತಿದರು, ಪೇಟೆಯಿಂದ ಬಿಡಿಭಾಗಗಳನ್ನು ತಂದರು, ಒಂದು ಚಿಕ್ಕ ಆಂಪ್ಲಿಫೈಯರ್ ಜೋಡಿಸಿ ಸ್ಪೀಕರ್ ಕೂರಿಸಿದರು. ಪ್ರದರ್ಶನದ ದಿನ ಅತಿಥಿಗಳು ಬಂದು ಮೇಜಿನ ಮುಂದೆ ನಿಂತರು. ಸ್ಪೀಕರಿನಿಂದ 'ಗುಂಯ್' ಎಂಬ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ವಾಲ್ಯೂಮ್ ಹೆಚ್ಚಿಸಿದರೆ ಗುಂಯ್ ಎನ್ನುವುದೇ ಹೆಚ್ಚಾಯಿತು. ಅತಿಥಿಗಳು ಮುಗುಳ್ನಕ್ಕು ಮುಂದಿನ ಮೇಜಿಗೆ ಹೋದರು.

ಸಾಮಾನು ಕಟ್ಟುವಾಗ ಅವರಲ್ಲೊಬ್ಬಳು, "ಟೀಚರ್, ನಾವು ಪುಸ್ತಕದಲ್ಲಿ ಇದ್ದ ಹಾಗೇ ಮಾಡಿದ್ವಲ್ಲ? ನಮ್ಮಂಥವರಿಗೆ ಇದೆಲ್ಲ ಬರಲ್ಲ ಬಿಡಿ" ಎಂದಳು. ಮರುದಿನ ಆಕೆ ಪ್ರದರ್ಶನಕ್ಕೆ ಬರಲಿಲ್ಲ. "ನಮ್ಮಂಥವರಿಗೆ" ಎಂಬ ಆ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ರೇಡಿಯೋ ಏಕೆ ಮಾತನಾಡಲಿಲ್ಲ ಎಂದು ತಿಳಿಯಲು ನಾನು ಅದರ ಚರಿತ್ರೆಯನ್ನು ಓದತೊಡಗಿದೆ. ಓದಿದಂತೆಲ್ಲ ನಮ್ಮ ತಪ್ಪು ಏನೆಂಬುದು ತಿಳಿಯಿತು. ರೇಡಿಯೋ ಎಂಬುದನ್ನು ಕಟ್ಟಿ ಬೆಳೆಸಿದವರು ಎಂಥವರು ಎಂಬುದೂ ತಿಳಿಯಿತು. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಎರಡು ಕೆಲಸಗಳು

ಮೊದಲು ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಎಂಥ ರೇಡಿಯೋ ಆದರೂ ಅದು ಮಾಡಬೇಕಾದ ಮುಖ್ಯ ಕೆಲಸಗಳು ಎರಡು. ಒಂದು, ಅಲೆಯೊಳಗೆ ಅಡಗಿರುವ ಮಾತನ್ನು ಹೊರತೆಗೆಯುವುದು. ಎರಡು, ಹೊರತೆಗೆದ ಮಾತನ್ನು ನಾಲ್ಕು ಜನರಿಗೆ ಕೇಳಿಸುವಂತೆ ಗಟ್ಟಿ ಮಾಡುವುದು. ಮೊದಲನೆಯದು ಡಿಟೆಕ್ಟರಿನ ಕೆಲಸ, ಎರಡನೆಯದು ಆಂಪ್ಲಿಫೈಯರಿನ ಕೆಲಸ.

ಮೀಡಿಯಂ ವೇವ್ ಅಲೆಗಳು ಸೆಕೆಂಡಿಗೆ ಸುಮಾರು 5 ಲಕ್ಷದಿಂದ 16 ಲಕ್ಷ ಬಾರಿ ಕಂಪಿಸುತ್ತವೆ. ನಮ್ಮ ಕಿವಿಗೆ ಕೇಳಿಸುವುದು ಹೆಚ್ಚೆಂದರೆ ಸೆಕೆಂಡಿಗೆ 20 ಸಾವಿರ ಕಂಪನ. ಹಾಗಾಗಿ ಈ ಅಲೆಯನ್ನು ನೇರವಾಗಿ ಇಯರ್‌ಫೋನಿಗೆ ಕೊಟ್ಟರೆ ಏನೂ ಕೇಳಿಸುವುದಿಲ್ಲ. ನಿಲಯದವರು ಅಲೆಯ ಎತ್ತರವನ್ನು ಮಾತಿನ ಏರಿಳಿತಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿ ಕಳಿಸಿರುತ್ತಾರೆ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವ ವಸ್ತುವೊಂದರ ಮೂಲಕ ಈ ಅಲೆಯನ್ನು ಹಾಯಿಸಿದರೆ ಅದರ ಅರ್ಧ ಭಾಗ ಕತ್ತರಿಸಿ ಹೋಗಿ, ಮಾತಿನ ಏರಿಳಿತವಷ್ಟೇ ಕಿವಿಗೆ ಸಿಗುತ್ತದೆ. ಆ ವಸ್ತುವೇ ಡಿಟೆಕ್ಟರ್. ಅದಕ್ಕಾಗಿ ನಡೆದ ಹುಡುಕಾಟವೇ ರೇಡಿಯೋ ಚರಿತ್ರೆಯ ಮೊದಲ ಅಧ್ಯಾಯ.

ಕೋಲ್ಕತ್ತಾದ ಪ್ರೊಫೆಸರ್

ಬೆಳಕಿನಂತೆಯೇ ಸಾಗುವ, ಆದರೆ ಕಣ್ಣಿಗೆ ಕಾಣದ ವಿದ್ಯುತ್ಕಾಂತೀಯ ಅಲೆಗಳಿರಬೇಕೆಂದು 1865ರಲ್ಲಿ ಮ್ಯಾಕ್ಸ್‌ವೆಲ್ ಗಣಿತದಿಂದ ತೋರಿಸಿದರು. 1887-88ರಲ್ಲಿ ಜರ್ಮನಿಯ ಹರ್ಟ್ಜ್ ಪ್ರಯೋಗದಿಂದ ಅದನ್ನು ಸಾಬೀತುಪಡಿಸಿದರು. ಅಲ್ಲಿಂದ ಮುಂದಿನ ಮುಖ್ಯ ಹೆಜ್ಜೆಗಳಲ್ಲಿ ಕೆಲವು ನಮ್ಮ ದೇಶದಲ್ಲೇ ಬಿದ್ದವು.

ಜಗದೀಶ್ ಚಂದ್ರ ಬೋಸರು ಕೋಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಭಾರತೀಯರೆಂಬ ಕಾರಣಕ್ಕೆ ಯುರೋಪಿಯನ್ನರಿಗಿಂತ ಕಡಿಮೆ ಸಂಬಳ ಗೊತ್ತುಮಾಡಿದಾಗ, ಆ ಸಂಬಳವನ್ನು ಮುಟ್ಟದೆ ಮೂರು ವರ್ಷ ಪಾಠ ಮಾಡಿದವರು ಅವರು. ಸರಿಯಾದ ಪ್ರಯೋಗಾಲಯವೂ ಅವರಿಗಿರಲಿಲ್ಲ. ಸ್ನಾನಗೃಹದ ಪಕ್ಕದ ಪುಟ್ಟ ಜಾಗವನ್ನೇ ಪ್ರಯೋಗಾಲಯ ಮಾಡಿಕೊಂಡರು. ವಿಶೇಷ ತರಬೇತಿ ಇಲ್ಲದ ಒಬ್ಬ ಸ್ಥಳೀಯ ತಗಡಿನ ಕೆಲಸಗಾರನಿಂದ ಉಪಕರಣ ಮಾಡಿಸಿದರು. ಅಲೆಗಳ ಗುಣ ಪರೀಕ್ಷಿಸಲು ರೈಲ್ವೆ ವೇಳಾಪಟ್ಟಿಯ ಪುಸ್ತಕವನ್ನು ತೆಗೆದುಕೊಂಡು, ಅದರ ಹಾಳೆಗಳ ನಡುವೆ ತೆಳು ಲೋಹದ ಹಾಳೆ ಇಟ್ಟು, ಅದನ್ನೇ ಉಪಕರಣವಾಗಿ ಬಳಸಿದರು. ಸೆಣಬಿನ ನಾರನ್ನು ಹುರಿ ಮಾಡಿಯೂ ಪ್ರಯೋಗ ನಡೆಸಿದರು. ವಿದ್ಯಾರ್ಥಿಗಳೇ, "ನಮ್ಮ ಶಾಲೆಯಲ್ಲಿ ಸಲಕರಣೆ ಇಲ್ಲ" ಎನ್ನುವಾಗಲೆಲ್ಲ ನನಗೆ ಆ ರೈಲ್ವೆ ಪುಸ್ತಕ ನೆನಪಾಗುತ್ತದೆ.

1895ರ ಸುಮಾರಿಗೆ ಕೋಲ್ಕತ್ತಾದ ಟೌನ್ ಹಾಲಿನಲ್ಲಿ ಅವರು ಜನರೆದುರು ಪ್ರಯೋಗ ಮಾಡಿ ತೋರಿಸಿದರು. ತಂತಿಯ ಸಂಪರ್ಕವಿಲ್ಲದೆ, ಗೋಡೆಗಳಾಚೆಯಿಂದ ಬಂದ ಅಲೆಯಿಂದ ಗಂಟೆ ಬಾರಿಸಿತು, ಮದ್ದಿನ ಪುಡಿ ಹೊತ್ತಿಕೊಂಡಿತು. ಅಲೆಯನ್ನು ಪತ್ತೆಹಚ್ಚಲು ಬೋಸರು ನಾನಾ ವಸ್ತುಗಳನ್ನು ಪರೀಕ್ಷಿಸಿದರು. ಗೆಲೀನ ಎಂಬ ಸೀಸದ ಅದಿರಿನ ಹರಳಿಗೆ ಲೋಹದ ಮೊನೆ ತಾಗಿಸಿದರೆ ಅದು ಅಲೆಯನ್ನು ಗುರುತಿಸುತ್ತದೆ ಎಂಬುದು ಅವರ ಮುಖ್ಯ ಶೋಧಗಳಲ್ಲಿ ಒಂದು. ಪೇಟೆಂಟಿನ ಮೋಹ ಅವರಿಗಿರಲಿಲ್ಲ. ಸ್ನೇಹಿತರ ಒತ್ತಾಯದಿಂದ 1901ರಲ್ಲಿ ಅಮೆರಿಕದಲ್ಲಿ ಅರ್ಜಿ ಹಾಕಲಾಯಿತು. 1904ರ ಮಾರ್ಚ್ 29ರಂದು 755840 ಸಂಖ್ಯೆಯ ಪೇಟೆಂಟ್ ಮಂಜೂರಾಯಿತು. ಹರಳಿನ ಡಿಟೆಕ್ಟರುಗಳ ಮೊತ್ತಮೊದಲ ಪೇಟೆಂಟುಗಳಲ್ಲಿ ಇದೂ ಒಂದು. ಅದರಿಂದ ಹಣ ಮಾಡುವ ಗೋಜಿಗೆ ಅವರು ಹೋಗಲಿಲ್ಲ.

ಬೆಕ್ಕಿನ ಮೀಸೆ

1906ರಲ್ಲಿ ಅಮೆರಿಕದ ಪಿಕಾರ್ಡ್ ಸಿಲಿಕಾನ್ ಹರಳಿನ ಡಿಟೆಕ್ಟರಿಗೆ ಪೇಟೆಂಟ್ ಪಡೆದರು. ಮುಂದಿನ ಇಪ್ಪತ್ತು ವರ್ಷ ಹರಳು ರೇಡಿಯೋ ಬಡವರ ರೇಡಿಯೋ ಆಯಿತು. ಚಿಕ್ಕ ಬಟ್ಟಲಿನಲ್ಲಿ ಗೆಲೀನದ ತುಂಡು, ಅದರ ಮೇಲೆ ಮೃದುವಾಗಿ ತಾಗುವ ಸಣ್ಣ ತಂತಿ. ಆ ತಂತಿಗೆ ಜನ ಇಟ್ಟ ಹೆಸರು 'ಬೆಕ್ಕಿನ ಮೀಸೆ'. ಹರಳಿನ ಮೇಲೆ ಎಲ್ಲ ಕಡೆಯೂ ಅದು ಕೆಲಸ ಮಾಡುತ್ತಿರಲಿಲ್ಲ. ಸರಿಯಾದ ಬಿಂದು ಸಿಗುವವರೆಗೆ ತಂತಿಯನ್ನು ಮೆಲ್ಲಗೆ ಸರಿಸುತ್ತಾ ಉಸಿರು ಬಿಗಿಹಿಡಿದು ಕೇಳಬೇಕಿತ್ತು.

ಇಂಥ ರೇಡಿಯೋಗೆ ಬ್ಯಾಟರಿ ಬೇಡ, ಕರೆಂಟ್ ಬೇಡ. ಇಯರ್‌ಫೋನಿನಲ್ಲಿ ಕೇಳುವ ಸದ್ದಿಗೆ ಬೇಕಾದ ಶಕ್ತಿಯೆಲ್ಲ ನಿಲಯದಿಂದ ಬಂದ ಅಲೆಯದ್ದೇ. 1920ರ ನವೆಂಬರ್ 2ರಂದು ಅಮೆರಿಕದ ಪಿಟ್ಸ್‌ಬರ್ಗಿನ ಕೆಡಿಕೆಎ ನಿಲಯ ಚುನಾವಣಾ ಫಲಿತಾಂಶವನ್ನು ಪ್ರಸಾರ ಮಾಡಿದ ಮೇಲೆ ರೇಡಿಯೋ ಮಾಡಿಕೊಳ್ಳುವ ಹುಚ್ಚು ಮನೆಮನೆಗೂ ಹಬ್ಬಿತು. 1922ರಲ್ಲಿ ಅಲ್ಲಿನ ಸರ್ಕಾರದ ಮಾನಕ ಸಂಸ್ಥೆಯೇ, ಮನೆಯಲ್ಲಿ ಹರಳು ರೇಡಿಯೋ ಮಾಡುವುದು ಹೇಗೆಂದು ಜನಸಾಮಾನ್ಯರಿಗಾಗಿ ಒಂದು ಕಿರುಹೊತ್ತಿಗೆ ಹೊರತಂದಿತು. ರಟ್ಟಿನ ದುಂಡು ಡಬ್ಬಿಯ ಮೇಲೆ ತಂತಿ ಸುತ್ತುವ ವಿಧಾನ ಅದರಲ್ಲಿದೆ. ನಮ್ಮ ಹುಡುಗಿಯರು ಮಾಡಿದ್ದೂ ಅದನ್ನೇ.

1944ರಲ್ಲಿ ಇಟಲಿಯ ಆಂಜಿಯೋ ತೀರದಲ್ಲಿ ಕಂದಕಗಳಲ್ಲಿ ಸಿಕ್ಕಿಕೊಂಡಿದ್ದ ಸೈನಿಕರ ಬಳಿ ಗೆಲೀನವೂ ಇರಲಿಲ್ಲ. ಅವರು ಹಳೆಯ ಶೇವಿಂಗ್ ಬ್ಲೇಡಿನ ಮೇಲೆ, ಸೇಫ್ಟಿ ಪಿನ್ನಿಗೆ ಸಿಕ್ಕಿಸಿದ ಪೆನ್ಸಿಲ್ ಕಡ್ಡಿಯ ಮೊನೆ ತಾಗಿಸಿ ಡಿಟೆಕ್ಟರ್ ಮಾಡಿಕೊಂಡರು. ಬ್ಲೇಡಿನ ಮೇಲಿನ ಆಕ್ಸೈಡಿನ ತೆಳು ಪದರವೇ ಹರಳಿನ ಕೆಲಸ ಮಾಡಿತು.

ಗಟ್ಟಿ ಮಾಡುವ ವಿದ್ಯೆ

ಹರಳು ರೇಡಿಯೋದ ಒಂದು ಕೊರತೆ ಎಂದರೆ ಅದನ್ನು ಒಬ್ಬರೇ ಕೇಳಬೇಕು, ಅದೂ ಇಯರ್‌ಫೋನ್ ಹಾಕಿಕೊಂಡು. ಅಲೆಯಲ್ಲಿರುವ ಶಕ್ತಿ ಅತ್ಯಲ್ಪ. ಆ ಅಲ್ಪ ಸದ್ದಿನ ಅಚ್ಚಿನಲ್ಲಿ, ಬ್ಯಾಟರಿಯ ದೊಡ್ಡ ಶಕ್ತಿಯನ್ನು ಕುಣಿಸುವ ಸಾಧನವೊಂದು ಬೇಕಿತ್ತು. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎರಡು ವಿದ್ಯುದ್ವಾರಗಳ ವಾಲ್ವ್ ಮಾಡಿದರು. ಅದು ಬರೀ ಡಿಟೆಕ್ಟರ್. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಮೂರನೆಯ ವಿದ್ಯುದ್ವಾರ ಸೇರಿಸಿ ಅದಕ್ಕೆ 'ಆಡಿಯಾನ್' ಎಂದು ಹೆಸರಿಟ್ಟರು. ನಡುವಿನ ಜಾಲರಿಗೆ ಕೊಟ್ಟ ಚಿಕ್ಕ ಏರಿಳಿತ ಆಚೆ ದೊಡ್ಡ ಏರಿಳಿತವಾಗಿ ಹೊರಬರುತ್ತದೆ. ಕಾಲುವೆಯ ತೂಬನ್ನು ಒಂದು ಕೈ ಆಡಿಸಿದರೆ ಇಡೀ ಕಾಲುವೆಯ ನೀರು ಹೆಚ್ಚು ಕಡಿಮೆ ಆಗುವುದಿಲ್ಲವೇ, ಹಾಗೆ. ಕೆಲವು ವರ್ಷಗಳಲ್ಲಿ ಈ ವಾಲ್ವನ್ನು ವರ್ಧಕವಾಗಿ ಬಳಸುವ ಕ್ರಮ ಬಂತು. ರೇಡಿಯೋ ಕಿವಿಯಿಂದ ಪಡಸಾಲೆಗೆ ಬಂತು.

ಆದರೆ ವಾಲ್ವುಗಳು ಬಿಸಿಯಾಗುತ್ತಿದ್ದವು, ಒಡೆಯುತ್ತಿದ್ದವು, ಹೆಚ್ಚು ವಿದ್ಯುತ್ ಬೇಡುತ್ತಿದ್ದವು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ಜರ್ಮೇನಿಯಂ ತುಂಡಿನ ಮೇಲೆ ಬಹಳ ಹತ್ತಿರ ಹತ್ತಿರ ಎರಡು ಚಿನ್ನದ ಸಂಪರ್ಕಗಳನ್ನು ತಾಗಿಸಿದರು. ಡಿಸೆಂಬರ್ 23ರಂದು ಮೇಲಧಿಕಾರಿಗಳ ಮುಂದೆ ಅದರ ಮೂಲಕ ಮಾತನಾಡಿ, ಆ ಮಾತು ಗಟ್ಟಿಯಾಗಿ ಕೇಳುವುದನ್ನು ತೋರಿಸಿದರು. ಅದೇ ಟ್ರಾನ್ಸಿಸ್ಟರ್. ಗಮನಿಸಿ, ಹೊಸ ಯುಗ ತೆರೆದ ಆ ಸಾಧನದ ಮೊದಲ ಪರೀಕ್ಷೆಗಳಲ್ಲಿ ಒಂದು ಧ್ವನಿವರ್ಧಕದ್ದೇ. ಹರಳಿನ ಮೇಲೆ ಮೊನೆ ತಾಗಿಸುವ ಹಳೆಯ ಬೆಕ್ಕಿನ ಮೀಸೆಯ ವಿದ್ಯೆಯೇ ನಲವತ್ತು ವರ್ಷಗಳ ಮೇಲೆ ಇನ್ನೊಂದು ರೂಪದಲ್ಲಿ ಮರಳಿ ಬಂದಿತ್ತು. ಶಾಕ್ಲಿ ಅವರೂ ಸೇರಿ ಮೂವರಿಗೆ 1956ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1954ರಲ್ಲಿ ಅಮೆರಿಕದಲ್ಲಿ ನಾಲ್ಕು ಟ್ರಾನ್ಸಿಸ್ಟರಿನ ಪಾಕೆಟ್ ರೇಡಿಯೋ ಮಾರಾಟಕ್ಕೆ ಬಂತು. ನಮ್ಮ ಹಳ್ಳಿಗಳಲ್ಲಿ ರೇಡಿಯೋಗೆ 'ಟ್ರಾನ್ಸಿಸ್ಟರ್' ಎಂದೇ ಹೆಸರಾಯಿತು.

ನಮ್ಮ ನಾಡಿನ ಮೇಷ್ಟ್ರುಗಳು

ಭಾರತದಲ್ಲೂ ರೇಡಿಯೋ ಪ್ರಸಾರ ಆರಂಭಿಸಿದವರು ಹವ್ಯಾಸಿಗಳೇ. 1923ರಲ್ಲಿ ಮುಂಬೈ, ಕೋಲ್ಕತ್ತಾಗಳಲ್ಲಿ, 1924ರಲ್ಲಿ ಮದ್ರಾಸಿನಲ್ಲಿ ರೇಡಿಯೋ ಕ್ಲಬ್ಬುಗಳು ಪ್ರಸಾರ ನಡೆಸಿದವು. 1927ರ ಜುಲೈ 23ರಂದು ಮುಂಬೈಯಲ್ಲಿ ಖಾಸಗಿ ಪ್ರಸಾರ ಕಂಪನಿಯ ನಿಲಯ ಆರಂಭವಾಯಿತು. ಅದು ನಷ್ಟಕ್ಕೆ ಬಿದ್ದು 1930ರಲ್ಲಿ ಮುಚ್ಚಿದ ಮೇಲೆ ಸರ್ಕಾರ ವಹಿಸಿಕೊಂಡಿತು. 1936ರ ಜೂನ್ 8ರಂದು ಅದಕ್ಕೆ 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರು ಬಂತು.

ಅದಕ್ಕೂ ಮೊದಲೇ ನಮ್ಮ ಮೈಸೂರಿನಲ್ಲಿ ಒಂದು ಘಟನೆ ನಡೆಯಿತು. ಮಹಾರಾಜ ಕಾಲೇಜಿನ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಪ್ರೇಷಕದ ಶಕ್ತಿ 30 ವಾಟ್. ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ಹಳೆಯ ಟ್ಯೂಬ್‌ಲೈಟಿನದು 40 ವಾಟ್ ಎಂಬುದನ್ನು ನೆನೆದರೆ ಅದು ಎಷ್ಟು ಚಿಕ್ಕದೆಂದು ತಿಳಿಯುತ್ತದೆ. ಆ ನಿಲಯಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂತು. 1950ರ ದಶಕದಲ್ಲಿ ಇಡೀ ದೇಶದ ರೇಡಿಯೋ ಸಂಸ್ಥೆ ಅದೇ ಹೆಸರನ್ನು ತನ್ನದಾಗಿಸಿಕೊಂಡಿತು. ಗೋಪಾಲಸ್ವಾಮಿಯವರು ಇಂಜಿನಿಯರ್ ಅಲ್ಲ, ಮನೋವಿಜ್ಞಾನದ ಪ್ರಾಧ್ಯಾಪಕರು.

ನಮ್ಮ ಉರ್ದು ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಹಾಸ್ಯ ಪ್ರಬಂಧಗಳಿಗೆ ಹೆಸರಾದ ಪತ್ರಸ್ ಬುಖಾರಿ ನಿಮಗೆ ಗೊತ್ತು. ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರೇ 1940ರ ದಶಕದಲ್ಲಿ ಆಲ್ ಇಂಡಿಯಾ ರೇಡಿಯೋದ ಮುಖ್ಯಸ್ಥರಾಗಿದ್ದರು. ಭೌತಶಾಸ್ತ್ರದ ಬೋಸ್, ಮನೋವಿಜ್ಞಾನದ ಗೋಪಾಲಸ್ವಾಮಿ, ಸಾಹಿತ್ಯದ ಬುಖಾರಿ, ಮೂವರೂ ಪಾಠ ಹೇಳುವ ವೃತ್ತಿಯವರೇ. "ಇದು ನಮ್ಮ ವಿಷಯವಲ್ಲ" ಎಂದು ಅವರು ಕೈಕಟ್ಟಿ ಕೂತಿದ್ದರೆ ಏನಾಗುತ್ತಿತ್ತು, ಯೋಚಿಸಿ.

ನಮ್ಮ ತಪ್ಪು ಎಲ್ಲಿತ್ತು?

ಈಗ ನಮ್ಮ ಮೂಕ ರೇಡಿಯೋಗೆ ಬರೋಣ. ಹರಳಿನ ವಿಷಯ ಓದಿದ ಮೇಲೆ ನಾನು ಆ ರೇಡಿಯೋವನ್ನು ನಮ್ಮ ಊರಿನ ಬಸ್ ನಿಲ್ದಾಣದ ಬಳಿ ಇರುವ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಒಯ್ದೆ. ಒಂದು ಕಾಲಕ್ಕೆ ವಾಲ್ವ್ ರೇಡಿಯೋ ರಿಪೇರಿ ಮಾಡುತ್ತಿದ್ದವರು ಈಗ ಮಿಕ್ಸಿ, ಫ್ಯಾನು ನೋಡುತ್ತಾರೆ. ಕನ್ನಡಕ ಏರಿಸಿಕೊಂಡು ಒಂದು ನಿಮಿಷ ನೋಡಿ, ಒಂದು ಕಪ್ಪು ಬಣ್ಣದ ಭಾಗದ ಮೇಲೆ ಬೆರಳಿಟ್ಟರು. "ಬೇಟಿ, ಇದು ಎಲಿಮಿನೇಟರಿಗೆ ಹಾಕುವ ಡಯೋಡ್. ರೇಡಿಯೋಗೆ ಗಾಜಿನದು ಬೇಕು" ಎಂದರು. ಪುಸ್ತಕದಲ್ಲಿ ಒಎ79 ಎಂಬ ಜರ್ಮೇನಿಯಂ ಡಯೋಡ್ ಹಾಕಿ ಎಂದಿತ್ತು. ಅಂಗಡಿಯಲ್ಲಿ ಅದು ಸಿಗದೆ, ಮಕ್ಕಳು 4007 ಎಂಬ ಸಿಲಿಕಾನ್ ಡಯೋಡ್ ತಂದಿದ್ದರು. ಡಯೋಡ್ ಎಂದರೆ ಎಲ್ಲ ಒಂದೇ ಎಂದುಕೊಂಡು ನಾನೂ ಸುಮ್ಮನಿದ್ದೆ. ತಪ್ಪು ನನ್ನದೇ.

ಸಿಲಿಕಾನ್ ಡಯೋಡ್ ಸರಿಯಾಗಿ ತೆರೆದುಕೊಳ್ಳಲು ಸುಮಾರು 0.6 ವೋಲ್ಟ್ ಬೇಕು. ಜರ್ಮೇನಿಯಂ ಡಯೋಡಿಗೆ 0.2 ರಿಂದ 0.3 ವೋಲ್ಟ್ ಸಾಕು, ಅದಕ್ಕಿಂತ ಕಡಿಮೆಯಲ್ಲೂ ಅದು ಸ್ವಲ್ಪ ಕೆಲಸ ಮಾಡುತ್ತದೆ. ಏರಿಯಲಿನಿಂದ ಬರುವ ಅಲೆ ಬಹಳ ದುರ್ಬಲ. ಸಿಲಿಕಾನ್ ಡಯೋಡಿನ ಬಾಗಿಲಲ್ಲೇ ಅದು ನಿಂತುಬಿಟ್ಟಿತ್ತು. ಮಾತು ಹೊರಬಂದೇ ಇರಲಿಲ್ಲ. ಆಂಪ್ಲಿಫೈಯರ್ ತಾನು ಪಡೆದುದನ್ನು ದೊಡ್ಡದು ಮಾಡುತ್ತದೆಯೇ ಹೊರತು ಇಲ್ಲದ್ದನ್ನು ತಾನೇ ತರಲಾರದು. ಆದ್ದರಿಂದ ಕಟ್ಟಡದ ವೈರಿಂಗಿನಿಂದ ನುಸುಳಿದ 50 ಹರ್ಟ್ಸಿನ ಗುಂಯ್ ಎನ್ನುವುದನ್ನೇ ಅದು ಶ್ರದ್ಧೆಯಿಂದ ಗಟ್ಟಿ ಮಾಡಿತ್ತು!

ಆ ಹಿರಿಯರು ಹಳೆಯ ಡಬ್ಬಿ ತಡಕಾಡಿ ಒಂದು ಗಾಜಿನ ಡಯೋಡ್ ಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ.

ನೀವೇ ಮಾಡಿ ನೋಡಿ

ಮಾಡಬಯಸುವವರಿಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಸುಮಾರು 5 ಸೆಂಟಿಮೀಟರ್ ಅಗಲದ ರಟ್ಟಿನ ಅಥವಾ ಪ್ಲಾಸ್ಟಿಕ್ ಕೊಳವೆಯ ಮೇಲೆ 26 ಗೇಜಿನ ಎನಾಮಲ್ ತಾಮ್ರದ ತಂತಿಯನ್ನು 80 ಸುತ್ತು ಒತ್ತೊತ್ತಾಗಿ ಸುತ್ತಿ. ತುದಿಗಳ ಎನಾಮಲ್ ಕೆರೆಯಲು ಮರೆಯಬೇಡಿ. ಇದಕ್ಕೆ ಅಡ್ಡಲಾಗಿ ಸುಮಾರು 365 ಪಿಕೋಫ್ಯಾರಡಿನ ಗ್ಯಾಂಗ್ ಕಂಡೆನ್ಸರ್ ಜೋಡಿಸಿ. ನಿಲಯ ಆರಿಸುವುದು ಇದರಿಂದಲೇ. ಸುರುಳಿಯ ಒಂದು ತುದಿಗೆ 10-15 ಮೀಟರ್ ಉದ್ದದ ಏರಿಯಲ್ ತಂತಿ, ಇನ್ನೊಂದು ತುದಿಗೆ ನೆಲದಲ್ಲಿ ಹೂತ ಲೋಹದ ಸರಳಿನಿಂದ ಬಂದ ಅರ್ಥ್ ತಂತಿ. ಏರಿಯಲ್ ತುದಿಯಿಂದ ಜರ್ಮೇನಿಯಂ ಡಯೋಡ್, ಅದರಾಚೆ ಕ್ರಿಸ್ಟಲ್ ಇಯರ್‌ಫೋನ್, ಅದರ ಇನ್ನೊಂದು ತಂತಿ ಅರ್ಥಿಗೆ. ಇಯರ್‌ಫೋನಿಗೆ ಅಡ್ಡಲಾಗಿ 47 ಕಿಲೋ ಓಮಿನ ರೆಸಿಸ್ಟರ್ ಹಾಕಿ. ಮೊಬೈಲಿನ ಇಯರ್‌ಫೋನ್ ಇಲ್ಲಿ ನಡೆಯುವುದಿಲ್ಲ.

ಮೊದಲು ಇಷ್ಟರಲ್ಲೇ ಕೇಳಿ. ಕ್ಷೀಣವಾಗಿಯಾದರೂ ಮಾತು ಕೇಳಿದ ಮೇಲೆಯೇ ಆಂಪ್ಲಿಫೈಯರಿಗೆ ಕೈಹಾಕಿ. ಎಲ್‌ಎಂ386 ಎಂಬ ಎಂಟು ಕಾಲಿನ ಐಸಿ ಇದಕ್ಕೆ ಸಾಕು. ಇಯರ್‌ಫೋನ್ ತೆಗೆದು, ಆ ಸಂಕೇತವನ್ನು 0.1 ಮೈಕ್ರೋಫ್ಯಾರಡಿನ ಕಂಡೆನ್ಸರ್ ಮತ್ತು 10 ಕಿಲೋ ಓಮಿನ ವಾಲ್ಯೂಮ್ ಕಂಟ್ರೋಲ್ ಮೂಲಕ 3ನೇ ಕಾಲಿಗೆ ಕೊಡಿ. 2 ಮತ್ತು 4ನೇ ಕಾಲು ಬ್ಯಾಟರಿಯ ಮೈನಸ್ಸಿಗೆ, 6ನೇ ಕಾಲು 9 ವೋಲ್ಟ್ ಬ್ಯಾಟರಿಯ ಪ್ಲಸ್ಸಿಗೆ. ಅರ್ಥ್ ತಂತಿಯೂ ಮೈನಸ್ಸಿಗೇ ಸೇರಬೇಕು. 5ನೇ ಕಾಲಿನಿಂದ 220 ಮೈಕ್ರೋಫ್ಯಾರಡಿನ ಕಂಡೆನ್ಸರ್ ಮೂಲಕ 8 ಓಮಿನ ಸ್ಪೀಕರಿಗೆ, ಸ್ಪೀಕರಿನ ಇನ್ನೊಂದು ತುದಿ ಮೈನಸ್ಸಿಗೆ. ಹೀಗೆ ಜೋಡಿಸಿದರೆ ಸದ್ದು 20 ಪಟ್ಟು ಹೆಚ್ಚುತ್ತದೆ. 1 ಮತ್ತು 8ನೇ ಕಾಲುಗಳ ನಡುವೆ 10 ಮೈಕ್ರೋಫ್ಯಾರಡಿನ ಕಂಡೆನ್ಸರಿನ ಪ್ಲಸ್ ತುದಿಯನ್ನು 1ನೇ ಕಾಲಿಗೆ ಇಟ್ಟು ಜೋಡಿಸಿದರೆ 200 ಪಟ್ಟು.

ಎಚ್ಚರಿಕೆ: ಮನೆಯ ಕರೆಂಟಿಗೆ ಇದನ್ನು ಎಂದೂ ಜೋಡಿಸಬೇಡಿ. ಏರಿಯಲ್ ತಂತಿಯನ್ನು ವಿದ್ಯುತ್ ಕಂಬ, ತಂತಿಗಳಿಂದ ದೂರ ಕಟ್ಟಿ. ಗುಡುಗು ಮಿಂಚಿನ ಸೂಚನೆ ಕಂಡಾಗ ಅದನ್ನು ಬಳಸಬೇಡಿ. ಇನ್ನೊಂದು ವಿಷಯ, ಈ ರೇಡಿಯೋ ಮೀಡಿಯಂ ವೇವಿಗೆ ಮಾತ್ರ, ಎಫ್‌ಎಂಗೆ ಅಲ್ಲ. ಇತ್ತೀಚಿನ ವರ್ಷಗಳಲ್ಲಿ ದೇಶದ ಹಲವು ಮೀಡಿಯಂ ವೇವ್ ಪ್ರೇಷಕಗಳನ್ನು ನಿಲ್ಲಿಸಲಾಗಿದೆ. ಆದ್ದರಿಂದ ನಿಮ್ಮ ಊರಿನಲ್ಲಿ ಆ ಪ್ರಸಾರ ಚೆನ್ನಾಗಿ ಸಿಗುತ್ತದೆಯೇ ಎಂದು ಮೊದಲು ಮಾಮೂಲಿ ರೇಡಿಯೋದಲ್ಲಿ ನೋಡಿಕೊಳ್ಳಿ.

ಕೊನೆಯ ಮಾತು

ಆ ಗಾಜಿನ ಡಯೋಡನ್ನು ನಾನೇ ಬೆಸೆಯಬಹುದಿತ್ತು. ಹಾಗೆ ಮಾಡಲಿಲ್ಲ. ಪ್ರದರ್ಶನಕ್ಕೆ ಬಾರದೆ ಉಳಿದಿದ್ದ ಹುಡುಗಿಯನ್ನು ಕರೆದು, ತಪ್ಪು ಎಲ್ಲಿತ್ತೆಂದು ವಿವರಿಸಿ, "ತಂತಿ ಸುತ್ತಿದ್ದು ಸರಿಯಾಗಿಯೇ ಇತ್ತಮ್ಮ, ಇದೊಂದನ್ನು ನೀನೇ ಹಾಕು" ಎಂದೆ. ಆಕೆ ಕೂತು ಹಾಕಿದಳು. ಮೊದಲು ಇಯರ್‌ಫೋನಿನಲ್ಲಿ ಕೇಳಿದಳು. ಗ್ಯಾಂಗನ್ನು ಮೆಲ್ಲಗೆ ತಿರುಗಿಸುತ್ತಾ ಇದ್ದವಳು ಒಮ್ಮೆಲೇ ಕೈ ನಿಲ್ಲಿಸಿದಳು. ಏನೂ ಹೇಳದೆ ಇಯರ್‌ಫೋನ್ ನನಗೆ ಕೊಟ್ಟಳು. ಬಹಳ ದೂರದಿಂದ ಬಂದಂತೆ ಕನ್ನಡದ ಒಂದು ದನಿ ಮಳೆ ಮತ್ತು ಬೆಳೆಯ ವಿಚಾರ ಹೇಳುತ್ತಿತ್ತು. ಬ್ಯಾಟರಿ ಇನ್ನೂ ಹಾಕಿರಲಿಲ್ಲ. ಆಮೇಲೆ ಆಂಪ್ಲಿಫೈಯರ್ ಜೋಡಿಸಿದಾಗ ಅದೇ ದನಿ ಇಡೀ ಕೊಠಡಿಗೆ ಕೇಳಿತು. ಮಿಕ್ಕ ಇಬ್ಬರೂ ಓಡಿ ಬಂದರು.

ಆತ್ಮೀಯ ಶಿಕ್ಷಕ ಬಂಧುಗಳೇ, ಪೋಷಕರೇ, ನಮ್ಮ ಮಕ್ಕಳ ವಿಷಯದಲ್ಲಿಯೂ ನಾವು ಇದೇ ತಪ್ಪು ಮಾಡುತ್ತಿದ್ದೇವೆಯೇ ಎಂದು ನನಗೆ ಅನಿಸಿದ್ದುಂಟು. ಅಂಕ, ಟ್ಯೂಷನ್, ಗದರಿಕೆ ಎಲ್ಲವನ್ನೂ ಹೆಚ್ಚಿಸುತ್ತಲೇ ಇರುತ್ತೇವೆ. ಒಳಗಿನ ಸಣ್ಣ ದನಿ ಎಲ್ಲಿ ತಡೆದು ನಿಂತಿದೆ ಎಂದು ಹುಡುಕುವುದಿಲ್ಲ. ವಿದ್ಯಾರ್ಥಿಗಳೇ, ನೀವು ಮಾಡಿದ್ದು ಮೊದಲ ಸಲ ಕೆಲಸ ಮಾಡದಿದ್ದರೆ "ನಮ್ಮಂಥವರಿಗೆ ಬರಲ್ಲ" ಎನ್ನಬೇಡಿ. ಹಿಂದಿನಿಂದ ಒಂದೊಂದೇ ಜೋಡಣೆ ಪರೀಕ್ಷಿಸುತ್ತಾ ಬನ್ನಿ. ಗೊತ್ತಿದ್ದವರನ್ನು ಕೇಳಲು ನಾಚಬೇಡಿ.

ಆ ರೇಡಿಯೋ ಈಗಲೂ ನಮ್ಮ ಶಾಲೆಯ ಕಪಾಟಿನಲ್ಲಿದೆ. ಬೆಸುಗೆಗಳು ಅಂದವಾಗಿಲ್ಲ, ರಟ್ಟು ಸ್ವಲ್ಪ ಬಾಗಿದೆ. ಹೊಸ ಬ್ಯಾಟರಿ ಹಾಕಿ, ಏರಿಯಲ್ ಸಿಕ್ಕಿಸಿದರೆ ಮಾತನಾಡುತ್ತದೆ.